ಹುಡುಗರು ಬಿಚ್ಚಿಟ್ಟ ಜೆರ್ಸಿ

ಮಗನ ಆಟದ ಚೀಲ ತೆರೆದರೆ ಈಗಲೂ ಬೈಂದೂರಿನ ಆ ಮಧ್ಯಾಹ್ನದ ವಾಕರಿಕೆ ಬರುತ್ತದೆ.

ನಮ್ಮ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡಗಳಿಗೆ ಇದ್ದದ್ದು ಒಂದೇ ಸೆಟ್ ಜೆರ್ಸಿ. ಬೈಂದೂರಿನ ಪಂದ್ಯಾಟದಲ್ಲಿ ಹುಡುಗರು ಆಡಿ ಮುಗಿಸಿ, ಬೆವರಿನಲ್ಲಿ ತೊಯ್ದ ಅವನ್ನು ಬಿಚ್ಚಿ, ಮುಂದೆ ಆಡಬೇಕಿದ್ದ ನಮ್ಮ ಹುಡುಗಿಯರ ತಂಡದ ಎದುರು ರಾಶಿ ಹಾಕಿದರು. ಅಂಟಂಟಾದ ಬಟ್ಟೆ ಇನ್ನೂ ಬೆಚ್ಚಗಿತ್ತು. ಒಂದರ ಅಂಚಿಗೆ ಯಾರೋ ಸಿಂಬಳ ಒರೆಸಿದ್ದರು.

"ಎಂತ ಕಾಂತ್ರಿ? ಬೇಗ ಹಾಯ್ಕಣಿ," ಎಂದು ಹಾಕಿಕೊಳ್ಳಲು ಅವಸರಿಸಿದರು ಪಿ.ಟಿ. ಮೇಷ್ಟ್ರು. "ಹೆಣ್ಮಕ್ಳಿಗೆ ಇಷ್ಟ್ ಹೇಸ್ಗಿ ಆಪ್ಕಾಗ." ಹೆಣ್ಣುಮಕ್ಕಳು ಇಷ್ಟು ಹೇಸಬಾರದಂತೆ.

ನಮ್ಮ ಕ್ಯಾಪ್ಟನ್ ಸುಜಾತ ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಅವರ ಮುಖದ ಹತ್ತಿರ ಹಿಡಿದಳು.

"ಸರ್, ಮೊದ್ಲ್ ನೀವ್ ಹಾಯ್ಕಂಡ್ ಕಾಣಿ."

ಮೇಷ್ಟ್ರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

ನಾವು ಸಮವಸ್ತ್ರದ ಚೂಡಿದಾರದಲ್ಲೇ ಆಡಿ, ಕೆಟ್ಟದಾಗಿ ಸೋತೆವು. ತಿರುಗಿ ಬರುವಾಗ ಸುಜಾತ ಬಸ್ಸಿನಲ್ಲಿ ಊರು ತಲುಪುವವರೆಗೂ ಗಟ್ಟಿಯಾಗಿ ಹಾಡಿದಳು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಒದ್ದೆ ಜೆರ್ಸಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.