ಥೋರುಪ್ ಮನೆಯ ಕಮಾನು

“ಎಡಕ್ಕೆ ಅಂದೆ, ಪ್ರೆಬೆನ್. ಅದು ನಿನ್ನ ಬಲಗೈ. ತಲೆ ಬೋಳಾಯ್ತು, ಇನ್ನೂ ಎಡಬಲ ಗೊತ್ತಾಗ್ಲಿಲ್ವಲ್ಲಪ್ಪ ನಿಂಗೆ!”

ಎಬ್ಬಾ ಬೈದದ್ದು ಪಿಸುದನಿಯಲ್ಲಿ. ಒಳಗೆ ಮಲಗಿದ್ದವರಿಗೆ ಎಚ್ಚರವಾಗಬಾರದು. ಏಣಿಯ ಮೇಲಿದ್ದ ನೆರೆಮನೆಯ ಪ್ರೆಬೆನ್ ಸ್ಪ್ರೂಸ್ ಮರದ ಹಸಿರು ಕೊಂಬೆಗಳ ಕಮಾನನ್ನು ಥೋರುಪ್ ಮನೆಯ ಬಾಗಿಲ ಚೌಕಟ್ಟಿಗೆ ಬಿಗಿದ. ಕಮಾನಿನ ನೆತ್ತಿಯಲ್ಲಿ ಬೆಳ್ಳಿಕಾಗದದಲ್ಲಿ ಕತ್ತರಿಸಿದ ಇಪ್ಪತ್ತೈದರ ಅಂಕಿ ಹೊಳೆಯಿತು. ಬೀದಿಯ ಜನವೆಲ್ಲ ಇಬ್ಬನಿಯ ಹುಲ್ಲಿನ ಮೇಲೆ ಆಕಳಿಸುತ್ತ ನಿಂತಿದ್ದರು.

ಆ ಊರಲ್ಲಿ ಯಾರ ಮದುವೆಗೆ ಇಪ್ಪತ್ತೈದು ತುಂಬಿದರೂ ನೆರೆಯವರು ಬೆಳಗಾಗುತ್ತಲೇ ಬಾಗಿಲಿಗೆ ಕಮಾನು ಕಟ್ಟುತ್ತಾರೆ, ಸ್ತೋತ್ರಗೀತೆ ಹಾಡಿ ಎಬ್ಬಿಸುತ್ತಾರೆ. ಮನೆಯವರು ಎಲ್ಲರನ್ನೂ ಒಳಗೆ ಕರೆದು ಕಾಫಿ, ಬ್ರೆಡ್ಡು, ಒಂದು ಗುಟುಕು ಕಹಿ ಮದ್ಯ ಕೊಡಬೇಕು. ಇದರ ಯಜಮಾನಿಕೆ ಎಬ್ಬಾಳದು. ಅವಳದೇ ಮದುವೆಗೆ ಐವತ್ತು ತುಂಬಲು ಒಂದು ಚಳಿಗಾಲವಷ್ಟೇ ಬಾಕಿಯಿದ್ದಾಗ ಗಂಡ ತೀರಿಕೊಂಡ. ಆಮೇಲೆ ಬೀದಿಗೆ ಎಬ್ಬಾ ಬೇಕಾಗುತ್ತಿದ್ದದ್ದು ಕಮಾನು ಕಟ್ಟುವ ದಿನ ಮಾತ್ರ.

ಈಗ ಅದಕ್ಕೂ ಸಂಚಕಾರ ಬಂದಿತ್ತು. “ಅವರು ಬಾಗಿಲು ತೆಗೀಲಿಲ್ಲ ಅಂದ್ರೆ ಇದೇ ಕೊನೆ, ಎಬ್ಬಾ. ಮುಂದಿನ ಸಲದಿಂದ ಒಂದು ಹೂಗುಚ್ಛ ಕಳಿಸಿ ಕೈ ತೊಳ್ಕೊಳ್ಳೋಣ,” ಎಂದು ಪ್ರೆಬೆನ್ ಹೇಳಿಬಿಟ್ಟಿದ್ದ. ಯಾರೂ ಬೇಡವೆನ್ನಲಿಲ್ಲ.

ಬಾಗಿಲು ತೆಗೆಯುವ ಜನವೇ ಇವರು? ಐನರ್ ಥೋರುಪ್, ಅಸ್ತಾ ಥೋರುಪ್. ಫ್ಯೂನ್ ದ್ವೀಪದಿಂದ ಬಂದು ಮೂರು ವರ್ಷವಾದರೂ ಯಾರ ಮನೆಗೂ ಹೋದವರಲ್ಲ. ಇವರ ಮನೆಗೂ ಯಾರೂ ಬಂದದ್ದಿಲ್ಲ, ಆದರೆ ಆ ಮಾತು ಎಬ್ಬಾಳ ಲೆಕ್ಕಕ್ಕಿಲ್ಲ. ಚರ್ಚಿನಲ್ಲಿ ಕೊನೆಯ ಬೆಂಚು, ಆರಾಧನೆ ಮುಗಿದರೆ ನೆಟ್ಟಗೆ ಮನೆ. ಒಂದೇ ಒಂದು ಭಾನುವಾರ ಅಸ್ತಾ ಕಾಫಿಗೆ ನಿಂತಿದ್ದಳು. ಬರುವ ಸಂತ ಯೋಹಾನನ ಹಬ್ಬಕ್ಕೆ ತಾವಿಬ್ಬರೂ ಒಂದೇ ಸೂರಿನಡಿ ಬಂದು ಇಪ್ಪತ್ತೈದು ವರ್ಷವಾಗುತ್ತದೆಂದು ಆಗಲೇ ಬಾಯಿಬಿಟ್ಟದ್ದು. ಆ ಹಬ್ಬ ಇವತ್ತೇ.

“ಇಬ್ಬರಿಗೂ ಎಪ್ಪತ್ತು ದಾಟಿದೆ, ಅಂದ್ರೆ ಐವತ್ತರ ವಯಸ್ಸಿನ ಹತ್ತಿರ ಮದುವೆ,” ಎಂದು ಎಬ್ಬಾ ಮೂಗು ಮುರಿದಳು. “ಒಂದು ಉಂಗುರ ಹಾಕೋಕೂ ಕೈ ಬಂದಿಲ್ಲ ಆ ಜಿಪುಣನಿಗೆ. ಮೇಲೆ ನೋಡು, ಎರಡು ಕೋಣೇಲೂ ಪರದೆ ಎಳೆದಿದೆ. ಬೇರೆ ಬೇರೆ ಮಲಗ್ತಾರೆ!”

“ಗೊರಕೆ ಹೊಡೀತಾನೇನೋ ಪಾಪ,” ಎಂದ ಪ್ರೆಬೆನ್.

“ಅವಳೇನು ಕಮ್ಮಿನಾ? ಅವತ್ತು ಕಾಫಿ ಕುಡೀತಾ ಗಂಡನ ತಾಯೀನ ‘ನಮ್ಮಮ್ಮ ಹೀಗೆ, ನಮ್ಮಮ್ಮ ಹಾಗೆ’ ಅಂತ ಹೊಗಳಿದ್ದೇ ಹೊಗಳಿದ್ದು. ನಮ್ಮತ್ತೆ ಸಾಯೋ ತನಕ ನನ್ನ ಬಾಯಲ್ಲಿ ಅಮ್ಮ ಅಂತ ಬರಲಿಲ್ಲಪ್ಪ. ಬೆನ್ನುಮೂಳೆ ಇಲ್ಲದ ಹೆಂಗಸು!”

ಪ್ರೆಬೆನ್ ಏಣಿಯಿಂದಿಳಿದು ಅಕಾರ್ಡಿಯನ್ ಎತ್ತಿಕೊಂಡ. ಹಾಡು ಶುರುವಾಯಿತು. ಮೊದಲ ಚರಣ ಮುಗಿಯಿತು. ಬಾಗಿಲು ತೆರೆಯಲಿಲ್ಲ. ಎರಡನೆಯದು ಮುಗಿಯಿತು. ಹಿಂದೆ ಯಾರೋ ಕಿಸಕ್ಕೆಂದರು. ಎಬ್ಬಾ ಎಲ್ಲರಿಗಿಂತ ಗಟ್ಟಿಯಾಗಿ ಮೂರನೆಯದನ್ನು ಎತ್ತಿಕೊಂಡಳು.

ಅಗುಳಿ ಸರಿದ ಸದ್ದು.

ಐನರ್ ನಿಲುವಂಗಿಯಲ್ಲೇ ನಿಂತಿದ್ದ. ತಲೆಯೆತ್ತಿ ಬೆಳ್ಳಿಯ ಅಂಕಿ ನೋಡಿದ. ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ. ಹಿಂದಿನಿಂದ ಅಸ್ತಾ ಅವನ ತೋಳು ಹಿಡಿದೆಳೆದು ಕಿವಿಯಲ್ಲಿ ಏನೋ ಉಸುರಿದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

“ಒಳಗೆ ಬನ್ನಿ,” ಎಂದ. “ಎಲ್ಲರೂ ಬನ್ನಿ.”

ಖರ್ಚಿಗೆ ಹೆದರಿದ, ಎಂದುಕೊಂಡಳು ಎಬ್ಬಾ. ಕರೆಯದಿದ್ದರೂ ಅಡುಗೆಮನೆಗೆ ನುಗ್ಗಿದಳು. ಅಸ್ತಾ ಬ್ರೆಡ್ಡು ಕೊಯ್ಯುತ್ತಿದ್ದಳು, ಹೋಳುಗಳೆಲ್ಲ ಸೊಟ್ಟ.

“ಕೊಡಿಲ್ಲಿ ಚಾಕು, ಬೆರಳು ಕೊಯ್ಕೊಂಡೀಯ. ಇದೇನು ಹೊಸ ಮದುಮಗಳಾ ನೀನು, ಇಷ್ಟು ಗಾಬರಿಯಾಗೋಕೆ?”

“ನನಗೆ ಯಾವತ್ತೂ ಯಾರೂ ಕಮಾನು ಕಟ್ಟಿರಲಿಲ್ಲ, ಎಬ್ಬಾ. ಕಟ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ.” ಅಸ್ತಾ ಕಣ್ಣೊರೆಸಿಕೊಂಡಳು. “ಅವನಿಗೆ ನಾನು, ನನಗೆ ಅವನು. ಬೇರೆ ಯಾರಿದ್ರು ನಮಗೆ? ಅದಕ್ಕೇ, ಕಾಫಿ ಮುಗಿಯೋ ತನಕ ಸುಮ್ನಿರು ಅಂದೆ ಅವನಿಗೆ. ಇಷ್ಟು ಜನ ಈ ಮನೇಲಿ ಕೂತದ್ದು ನೋಡಬೇಕು ಅನ್ನಿಸ್ತು ನನಗೆ.”

“ಗಂಡನ ಬಾಯಿ ಕಟ್ಟೋಕೆ ಮಾತ್ರ ಬರುತ್ತೆ,” ಎಂದು ಗೊಣಗಿ ಎಬ್ಬಾ ಬ್ರೆಡ್ಡಿನ ತಟ್ಟೆ ಎತ್ತಿಕೊಂಡು ಹೋದಳು. ತಟ್ಟೆಯ ಮೇಲಿದ್ದ ಬೆಣ್ಣೆ, ಚೀಸು ನೋಡಿ ಜಿಪುಣ ಎಂಬ ಮಾತನ್ನಷ್ಟೇ ಅವಳು ಹಿಂತೆಗೆದುಕೊಂಡದ್ದು.

ಮನೆ ತುಂಬಿತು. ಕುರ್ಚಿ ಸಾಲದೆ ಕೆಲವರು ಕಿಟಕಿ ದಂಡೆಯ ಮೇಲೆ ಕೂತರು. ಮುಂದಿನ ಕಮಾನು ಯಾರ ಮನೆಯದೆಂದು ಪ್ರೆಬೆನ್ ತಾನಾಗಿಯೇ ವಿಚಾರಿಸಿದ. ಎಬ್ಬಾ ಕೇಳಿಸದವಳಂತೆ ಕಾಫಿ ಬಗ್ಗಿಸಿದಳು. ಕೈ ಮಾತ್ರ ಹಗುರಾಗಿತ್ತು. ಮದ್ಯ ಎರಡನೆಯ ಸುತ್ತು ಬಂದಾಗ ಯಾರೋ ತಟ್ಟೆಗೆ ಚಮಚ ಬಡಿದರು. ಇನ್ನೊಬ್ಬರು ಬಡಿದರು. ಮನೆಯೇ ಗಣಗಣವೆಂದಿತು. ಚಮಚ ಬಡಿದರೆ ಗಂಡಹೆಂಡತಿ ಕುರ್ಚಿ ಹತ್ತಿ ಮುತ್ತಿಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ.

ಐನರ್ ಮಂಡಿ ಹಿಡಿದುಕೊಂಡು ಕುರ್ಚಿ ಹತ್ತಿದ. ಅಸ್ತಾ ಎದುರಿನ ಕುರ್ಚಿ ಹತ್ತಿದಳು. ಅವನು ಅವಳ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಹಣೆಗೆ ಮುತ್ತಿಟ್ಟ.

“ಇದ್ಯಾವ ಸೀಮೆ ಮುತ್ತು!” ಎಂದು ಎಬ್ಬಾ ಕೂಗಿದಳು. “ಪಾದ್ರಿ ಮಗೂನ ಹರಸಿದ ಹಾಗಿದೆ. ನಿಮ್ಮೂರಲ್ಲಿ ಹೀಗೇನಾ ಕೊಡೋದು, ಐನರ್? ಸರಿಯಾಗಿ ಕೊಡಯ್ಯ!”

ಚಮಚಗಳ ಸದ್ದು ಇನ್ನೂ ಜೋರಾಯಿತು. ಅಸ್ತಾ ಕೈಯೆತ್ತಿ ಎಲ್ಲವನ್ನೂ ನಿಲ್ಲಿಸಿದಳು.

“ಒಡಹುಟ್ಟಿದ ಅಣ್ಣ,” ಎಂದಳು, ಅಳುತ್ತ, ನಗುತ್ತ, “ತಂಗಿಗೆ ಇನ್ನು ಹೇಗೆ ಕೊಡಬೇಕು ಹೇಳು, ಎಬ್ಬಾ?”