ನೆಟ್ಟಗೆ ಕೂತ ಪ್ಲಗ್ಗು

ಸ್ಪಾರ್ಕ್ ಪ್ಲಗ್ಗು ಎರಡೇ ಬೆರಳಿನಲ್ಲಿ ತಿರುಗುತ್ತ ಹೋಗಿ ತಳ ಮುಟ್ಟಿತು. ಎಲ್ಲೂ ಬಿಗಿಯಲಿಲ್ಲ, ಎಲ್ಲೂ ವಾಲಲಿಲ್ಲ. ಮೆಕ್ಯಾನಿಕ್‌ಗೆ ನಂಬಿಕೆ ಬರಲಿಲ್ಲ. ಬಿಚ್ಚಿ ಮತ್ತೊಮ್ಮೆ ಹಾಕಿದ, ಮೂಲೆಮಟ್ಟ ಇಟ್ಟು ನೋಡಿದ. ಕೂದಲೆಳೆಯಷ್ಟೂ ಓರೆಯಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಂಥ ಕೆಲಸ ಕಂಡು ಭೇಷ್ ಅನ್ನುತ್ತಿದ್ದರು. ಇವನು ಕುರ್ಚಿ ಹುಡುಕಿಕೊಂಡು ಕೂತ.

ಗಾಡಿ ಕೊರಿಯರ್ ಹಂಚುವವನದು. ಎಂಜಿನ್ನಿನ ಹೆಡ್ಡಿನಲ್ಲಿ ಪ್ಲಗ್ ಕೂರುವ ತೂತಿನ ಒಳಗಿನ ಸುರುಳಿ ಗೀರು, ಅಂದರೆ ಥ್ರೆಡ್ ಸವೆದು, ಓಡುತ್ತಿರುವಾಗಲೇ ಪ್ಲಗ್ಗು ಪಟ್ಟೆಂದು ಹಾರಿಹೋಗಿತ್ತು. ಅಂಥ ಗಾಡಿ ಬಂದರೆ ಮೆಕ್ಯಾನಿಕ್ ಹೆಡ್ ಬಿಚ್ಚಿ, ಹಳೇ ಪೇಪರಿನಲ್ಲಿ ಸುತ್ತಿ, ಗಿರಾಕಿಯ ಕೈಯಲ್ಲೇ ಎರಡು ಬೀದಿ ಆಚೆಯ, ಕಬ್ಬಿಣ ಕಡೆಯುವ ಲೇತ್ ಅಂಗಡಿಗೆ ಕಳಿಸುತ್ತಿದ್ದ. ಅಲ್ಲಿ ತೂತನ್ನು ದೊಡ್ಡದು ಮಾಡಿ, ಬುಷ್ ಎಂಬ ಉಕ್ಕಿನ ಬಳೆ ಕೂರಿಸಿ, ಅದರೊಳಗೆ ಹೊಸ ಥ್ರೆಡ್ ಹಾಕಿಕೊಡುವವನು ಅವನ ಸ್ವಂತ ಅಣ್ಣ. ಹಾಗೆ ನೋಡಿದರೆ ಆ ಕೆಲಸ ತಮ್ಮನಿಗೇನೂ ಬಾರದ್ದಲ್ಲ. ಆದರೆ ಏಳು ವರ್ಷದ ಹಿಂದೆ, ಇಬ್ಬರಿಗೂ ಸೇರಿದ್ದ ಒಂದೇ ಅಂಗಡಿಯನ್ನು ಜಗಳವಾಡಿ ಪಾಲು ಮಾಡಿಕೊಂಡ ದಿನ, ಇನ್ನು ನನ್ನ ಬಾಗಿಲು ತುಳಿಯಬೇಡ ಅಂದಿದ್ದ ಅಣ್ಣ. ಇವನದೂ ಅದೇ ರಕ್ತ, ತುಳಿಯಲಿಲ್ಲ. ಹೆಂಡತಿ ಮಕ್ಕಳಿಲ್ಲದ, ಅಂಗಡಿಯ ಹಿಂದಿನ ಕೋಣೆಯಲ್ಲೇ ಉಂಡು ಮಲಗುವ ಇವನಿಗೆ ನನ್ನವರು ಅಂತ ಉಳಿದದ್ದು ಈ ಸವೆದ ಹೆಡ್ಡುಗಳು ಹೋಗಿ ಬರುವಷ್ಟು ಮಾತ್ರ.

ಒಂದು ವರ್ಷದಿಂದ ಅಣ್ಣನ ಥ್ರೆಡ್ ಓರೆಯಾಗತೊಡಗಿತ್ತು. ಮೊದಲನೆಯದನ್ನು ಕಂಡಾಗ ಕೈತಪ್ಪಿರಬೇಕು ಅಂದುಕೊಂಡ. ಮೂರನೆಯದಕ್ಕೆ ಅರ್ಥವಾಯಿತು; ಕಣ್ಣೋ ಕೈಯೋ ಯಾವುದೋ ಒಂದು ಮೊದಲಿನಂತಿಲ್ಲ. ವಾಪಸ್ ಕಳಿಸಿದರೆ ಗಿರಾಕಿಯ ಬಾಯಿಂದ ಬೀದಿಗೆಲ್ಲ ಗೊತ್ತಾಗಿ ಅಣ್ಣನ ಮಾನ ಹರಾಜಾಗುತ್ತದೆ. ಹಾಗಾಗಿ ಸಂಜೆ ಶಟರ್ ಅರ್ಧ ಇಳಿಸಿ, ಆ ಬುಷ್ ಕಿತ್ತು, ಬೇರೆಯದನ್ನು ಕೂರಿಸಿ ನೆಟ್ಟಗೆ ಥ್ರೆಡ್ ಹಾಕಿ ಮರುದಿನ ಗಾಡಿ ಕೊಡುತ್ತಿದ್ದ. ನಮ್ಮಣ್ಣನ ಕೆಲಸ, ಇನ್ನು ಈ ಜನ್ಮಕ್ಕೆ ನೋಡಬೇಕಾಗಿಲ್ಲ ಎಂದು ಹೇಳಿಯೂ ಕಳಿಸುತ್ತಿದ್ದ. ನಿಜ ಹೇಳಬೇಕೆಂದರೆ ಆ ಸಂಜೆಗಳು ಅವನಿಗೆ ಹಿತವಾಗಿದ್ದವು. ಅಣ್ಣನ ತಪ್ಪನ್ನು ಮುಂದಿಟ್ಟುಕೊಂಡು ಕೂತರೂ ಅಣ್ಣನ ಜೊತೆ ಕೂತ ಹಾಗಿರುತ್ತಿತ್ತು. ಹೀಗೆ ಹನ್ನೊಂದು ಹೆಡ್ಡುಗಳಾಗಿದ್ದವು, ಇವತ್ತಿನದು ಹನ್ನೆರಡನೆಯದು.

ಲೇತಿನ ಮುಂದೆ ಯಾರಿದ್ದರು ಎಂದು ಕೊರಿಯರ್‌ನವನನ್ನು ಕೇಳಿದ. ಕಿಟಕಿಯಲ್ಲಿ ಕೊಟ್ಟೆ, ಕಿಟಕಿಯಲ್ಲೇ ಇಸಕೊಂಡೆ, ಮುಖ ಯಾರು ನೋಡಿದರು ಅಂದ ಅವನು. ಆಮೇಲೆ ನೆನಪು ಮಾಡಿಕೊಂಡು, "ಕೈ ನೋಡಿದೆ. ಹೆಂಗಸಿನ ಕೈ" ಅಂದ. ಮೆಕ್ಯಾನಿಕ್ ಎದ್ದವನೇ ಹೊರಟ. ಬಿಚ್ಚಿ ಹರವಿದ ತನ್ನ ಗಾಡಿಯ ಗತಿಯೇನೆಂದು ಕೊರಿಯರ್‌ನವನು ಕೂಗಿಕೊಂಡದ್ದು ಅವನ ಕಿವಿಗೆ ಬೀಳಲಿಲ್ಲ.

ಲೇತಿನ ಮುಂದೆ ಅತ್ತಿಗೆ ನಿಂತಿದ್ದರು. ಕೂದಲನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿ, ಅಣ್ಣನ ಮಸಿ ಹಿಡಿದ ಅಂಗಿ ತೊಟ್ಟಿದ್ದರು. ಏಳು ವರ್ಷದ ಮೇಲೆ ಬಂದವನನ್ನು ಕಂಡು, ಬೆಳಿಗ್ಗೆ ಹೋದವನು ಬಂದ ಹಾಗೆ ಮಷಿನ್ ನಿಲ್ಲಿಸಿದರು. ಅಣ್ಣ ಎಲ್ಲಿ ಎಂದು ಅವನು ಕೇಳುವ ಮೊದಲೇ ಅವರೇ ಹೇಳಿದರು. ವರ್ಷದಿಂದ ಕಣ್ಣು ಮಂಜಾಗುತ್ತ ಬಂತಂತೆ. ಕಣ್ಣಿನ ನರವೇ ಒಣಗಿದೆ, ಏನೂ ಮಾಡುವ ಹಾಗಿಲ್ಲ ಎಂದು ಡಾಕ್ಟರು ಕೈಚೆಲ್ಲಿದರಂತೆ. ಎರಡು ತಿಂಗಳಿಂದ ಪೂರ್ತಿ ಕತ್ತಲೆ. ಯಾರಿಗೂ ಹೇಳಕೂಡದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡು, ತಡವಿ ತಡವಿ ಕೆಲಸ ಮಾಡುತ್ತಿದ್ದವರು ಮೊನ್ನೆ ಬೆರಳನ್ನು ಲೇತಿಗೆ ಕೊಟ್ಟರು. ಅವತ್ತಿನಿಂದ ತಾನೇ ನಿಂತಿದ್ದೇನೆ, ಮೂವತ್ತು ವರ್ಷ ಕಬ್ಬಿಣದ ಪುಡಿ ಗುಡಿಸುತ್ತ ನೋಡಿದ್ದೇ ಪಾಠ ಎಂದು ಹೇಳಿ, ಅತ್ತಿಗೆ ಗೋಡೆಯ ಕಡೆ ಕಣ್ಣಲ್ಲೇ ತೋರಿಸಿದರು.

ಗೋಡೆಗೆ ಒರಗಿ ಅಣ್ಣ ಸ್ಟೂಲಿನ ಮೇಲೆ ಕೂತಿದ್ದ. ಬೆರಳಿಗೆ ಬ್ಯಾಂಡೇಜು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದಿದ್ದ. ಆದರೆ ಮುಖ ಮಾತ್ರ ತಮ್ಮನ ಪಕ್ಕದ ಕಂಬದ ಕಡೆ ತಿರುಗಿತ್ತು.

"ಇವತ್ತಿಂದು ನೆಟ್ಟಗಿತ್ತಾ?"

"ಇತ್ತು. ಮೊದಲಿಂದಾನೂ ನೆಟ್ಟಗೇ ಇತ್ತಣ್ಣ" ಅಂದ ತಮ್ಮ.

"ನನ್ನ ಹತ್ರಾನೇ ಸುಳ್ಳಾ? ಹನ್ನೊಂದೂ ಓರೆ. ಬೆರಳಿಟ್ಟು ನೋಡಿ, ಓರೆ ಅಂತ ಗೊತ್ತಿದ್ದೇ ಕಳಿಸಿದೆ. ನಿನ್ನ ಕಣ್ಣು ತಪ್ಪಿಸಿ ಅದು ಗಾಡಿಗೆ ಹೋಗಲ್ಲ ಅಂತಾನೂ ಗೊತ್ತಿತ್ತು."

"ಯಾಕಣ್ಣ ಹಾಗೆ ಮಾಡಿದೆ?"

"ಬರಬೇಡ ಅಂದೋನು ನಾನೇ. ಬಾ ಅನ್ನೋಕೆ ನಾಲಿಗೆ ಏಳಲಿಲ್ಲ. ಬೈಯೋಕಾದ್ರೂ ಬರ್ತೀಯ ಅಂದ್ಕೊಂಡೆ."

ಅತ್ತಿಗೆ ಆ ಕಡೆ ತಿರುಗಿಕೊಂಡರು. ಅಣ್ಣ ಕೈ ಚಾಚಿದ. ಅಂದಾಜು ತಪ್ಪಿ ಅದು ತಮ್ಮನ ಭುಜದಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲೇ ನಿಂತಿತು.

"ಮೊದಲನೇದಕ್ಕೇ ಬಂದಿದ್ರೆ, ನಿನ್ನ ಮುಖ ನೋಡಿರ್ತಿದ್ದೆ ಕಣೋ."