ಮಂಜು ಕರಗಿದ ಮೇಲೆ

ಮಂಜು ಕವಿದ ಬೆಳಗಿನಲ್ಲಿ ಕೊಯ್ದ ಹಿಪ್ಪುನೇರಳೆ ಸೊಪ್ಪು ತಿಂದಾಗಲೆಲ್ಲ ದ್ಯಾವೀರಮ್ಮನ ರೇಷ್ಮೆಹುಳುಗಳು ಸಾಯುತ್ತಿದ್ದವು. ಮೂರನೆಯ ಸಲವೂ ಹಾಗಾದಾಗ ಅವಳು ತೋಟದ ಪಕ್ಕದ ಆಲೆಮನೆಗೆ ಹೋದಳು.

“ಒಲೆಗೆ ಏನು ಹಾಕ್ತೀಯ ಜವರಣ್ಣ?”

“ಕಬ್ಬಿನ ಸಿಪ್ಪೆ ಕಣವ್ವ. ಇನ್ನೇನು, ಶ್ರೀಗಂಧ ಹಾಕಾಕಾದದಾ?”

ಅವಳು ಒಲೆಯ ಬಾಯಿಯನ್ನೇ ನೋಡುತ್ತ ನಿಂತಳು.

“ರೇಷ್ಮೆ ಇಲಾಖೆ ಸಾಹೇಬ್ರು ಬಂದಿದ್ರು. ಒಣ ಗಾಳೀಲಿ ಹೊಗೆ ಹಂಗೇ ಚದುರೋಯ್ತದಂತೆ. ಮಂಜಲ್ಲಿ ನೆಂದ್ರೆ ಅದೇ ಹೊಗೆ ಆಸಿಡ್ ಆಗಿ ಸೊಪ್ಪಿನ ಮೇಲೆ ಕೂರ್ತದಂತೆ.”

“ಅದಕ್ಕೆ ನಾನೇನು ಮಾಡ್ಲವ್ವ?”

“ಮಂಜು ಕರಗಿ ಬಿಸಿಲು ಬಂದ ಮೇಲೆ ಒಲೆ ಹಚ್ಚು. ನನ್ನ ಹುಳ ಉಳ್ಕೊತವೆ.”

ಜವರಣ್ಣ ತಲೆ ಕೆರೆದುಕೊಂಡ.

“ಬಿಸಿಲಲ್ಲಿ ಟೈರು ಉರಿಸಿದ್ರೆ ಕರೀ ಹೊಗೆ ಊರಿಗೆಲ್ಲ ಕಾಣ್ತದಲ್ಲವ್ವ.”